ಅದೇ ಔಷಧಿ, ಬೇರೆ ಬಾಕ್ಸು

2021ರ ಮೇ ತಿಂಗಳಲ್ಲಿ ನಮ್ಮಪ್ಪನಿಗೆ ಒಂದೇ ಔಷಧಿಯನ್ನು ಎರಡು ಬಗೆಯಲ್ಲಿ ಏರಿಸಿದರು. ಎರಡೂ ಹಳದಿ. ಎರಡರ ಮೇಲೂ ಬರೆದಿದ್ದದ್ದು ಆಂಫೊಟೆರಿಸಿನ್ ಬಿ ಅಂತಲೇ, ಫಂಗಸ್ ಕೊಲ್ಲುವ ಔಷಧಿ. ಮೊದಲನೆಯದು ಏರುವಾಗ ಅಪ್ಪ ಕಬ್ಬಿಣದ ಮಂಚ ಸದ್ದು ಮಾಡುವಷ್ಟು ಗಡಗಡ ನಡುಗಿದ. ಎರಡನೆಯದು ಏರುವಾಗ ಗೊರಕೆ ಹೊಡೆದ. ಔಷಧಿ ಬದಲಾಗಿರಲಿಲ್ಲ, ಅದನ್ನು ತುಂಬಿ ಕಳಿಸಿದ ಡಬ್ಬಿ ಬದಲಾಗಿತ್ತು. ಆ ಡಬ್ಬಿಯ ಅಳತೆ ಸುಮಾರು 80 ನ್ಯಾನೋಮೀಟರು ಅಂತ ಆಮೇಲೆ ಗೊತ್ತಾಯಿತು. ಒಂದು ನ್ಯಾನೋಮೀಟರು ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.

ನಾನು ಕೋಲಾರದ ಎಪಿಎಂಸಿಯಲ್ಲಿ, ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಊರು ಮುಳಬಾಗಿಲು ಕಡೆ. ವಿಜ್ಞಾನದ ಸಹವಾಸ ಪಿಯುಸಿಗೇ ಮುಗಿದಿತ್ತು. ಇಲ್ಲಿ ಬರೆಯುತ್ತಿರುವುದು ವಾರ್ಡಿನಲ್ಲಿ ಕೂತು ಕಂಡದ್ದು, ಡಾಕ್ಟರ ತಲೆ ತಿಂದು ತಿಳಿದುಕೊಂಡದ್ದು, ಆಮೇಲೆ ರಾತ್ರಿ ಹೊತ್ತು ಫೋನಿನಲ್ಲಿ ಓದಿದ್ದು.

ಅಪ್ಪನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಏಪ್ರಿಲ್ ಕೊನೆಗೆ ಕೋವಿಡ್ ಬಂತು. ಒಂಬತ್ತು ದಿನ ಆಕ್ಸಿಜನ್, ಜೊತೆಗೆ ಡೆಕ್ಸಾಮೆಥಾಸೋನ್ ಸ್ಟೀರಾಯ್ಡು. ಉಸಿರು ಉಳಿಯಿತು, ಸಕ್ಕರೆ 400 ದಾಟಿತು. ಮನೆಗೆ ಬಂದ ಐದನೇ ದಿನ ಊಟಕ್ಕೆ ಕೂತವನು ಮುದ್ದೆ ಮುರಿಯುತ್ತಾ ಕೆನ್ನೆ ಮುಟ್ಟಿಕೊಂಡು, "ಲೇ, ಈ ಕಡೆ ಕೆನ್ನೆ ನಂದಲ್ಲ ಅನ್ನಂಗೈತೆ" ಅಂದ. ಎಡಗಡೆ ಮೇಲಿನ ಹಲ್ಲು ನೋಯುತ್ತಿತ್ತು. ನಾವು ಹಲ್ಲಿನದೇ ಅಂದುಕೊಂಡೆವು. ಲಾಕ್‌ಡೌನಿನಲ್ಲಿ ಬಾಗಿಲು ತೆಗೆದಿದ್ದ ಒಂದೇ ಒಂದು ಕ್ಲಿನಿಕ್ಕಿನಲ್ಲಿ ನೋವಿನ ಮಾತ್ರೆ ಬರೆದುಕೊಟ್ಟರು. ಹಾಗೆ ಎರಡು ದಿನ ಹಾಳಾಯಿತು. ಮೂರನೇ ಬೆಳಿಗ್ಗೆ ಅಮ್ಮ ಟವೆಲ್ ಒಗೆಯಲು ತೆಗೆದುಕೊಂಡರೆ ಸಿಂಬಳದ ಜಾಗದಲ್ಲಿ ಕಾಫಿ ಗಷ್ಟಿನಂಥ ಕಪ್ಪು ಕಲೆ.

ದೊಡ್ಡಾಸ್ಪತ್ರೆಯಲ್ಲಿ ಮೂಗಿನೊಳಗಿಂದ ಒಂದು ಚೂರು ತೆಗೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಗಲವಾದ ಎಳೆಗಳು, ಮಧ್ಯೆ ಅಡ್ಡಗೋಡೆ ಇಲ್ಲ, ಕವಲು ಒಡೆದದ್ದು ನೇರ ಕೋನದಲ್ಲಿ. ಮ್ಯೂಕರ್. ಟಿವಿಯವರ ಬಾಯಲ್ಲಿ ಬ್ಲ್ಯಾಕ್ ಫಂಗಸ್. ಫಂಗಸ್ಸೇನೂ ಕಪ್ಪಗಿರುವುದಿಲ್ಲವಂತೆ. ಅದು ರಕ್ತನಾಳದೊಳಕ್ಕೇ ನುಗ್ಗಿ ಕಟ್ಟಿಹಾಕುತ್ತದೆ, ರಕ್ತ ಸಿಗದ ಮಾಂಸ ಸತ್ತು ಕಪ್ಪಾಗುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮಾರನೇ ದಿನವೇ ಮೂಗಿನಿಂದ ಎಂಡೋಸ್ಕೋಪ್ ಅನ್ನುವ, ಒಳಗೆ ನೋಡುವ ಕೊಳವೆ ಹಾಕಿ ಸತ್ತ ಭಾಗವನ್ನೆಲ್ಲ ಕೆರೆದು ತೆಗೆದರು. ಎಡಗಡೆಯ ಐದು ಹಲ್ಲು, ಅಂಗುಳಿನ ಒಂದು ಪಾಲು ಹೋಯಿತು. ಕಣ್ಣು ಉಳಿಯಿತು. ಆ ಸಂಜೆಯಿಂದಲೇ ಆಂಫೊಟೆರಿಸಿನ್ ಶುರು. ಬೇಕಾಗಿದ್ದದ್ದು ಲೈಪೋಸೋಮಲ್ ಅನ್ನುವ ಬಗೆ, ಆದರೆ ಆ ವಾರ ರಾಜ್ಯದಲ್ಲೆಲ್ಲೂ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. "ಹಳೇದರಲ್ಲೇ ಶುರು ಮಾಡೋಣ, ಕಾಯೋ ಹಂಗಿಲ್ಲ" ಅಂದರು.

ಹಳೇದಕ್ಕೂ ಶಾಸ್ತ್ರ ಬಹಳ. ಮೊದಲು ಕಿಡ್ನಿಗೆ ರಕ್ಷಣೆಯಾಗಲಿ ಅಂತ ಅರ್ಧ ಲೀಟರ್ ಸಲೈನ್. ಆಮೇಲೆ ಪ್ಯಾರಾಸಿಟಮಾಲ್, ಅಲರ್ಜಿಗೆ ಕೊಡುವ ಏವಿಲ್. ಆಮೇಲೆ ಡೆಕ್ಸ್‌ಟ್ರೋಸ್ ಅನ್ನುವ ಸಕ್ಕರೆ ನೀರಿನ ಬಾಟಲಿಗೆ ಒಂದು ವಯಲ್, ಅಂದರೆ ಒಂದು ಸಣ್ಣ ಸೀಸೆ, 50 ಮಿಲಿಗ್ರಾಂ ಬೆರೆಸಿ, ಬೆಳಕು ತಾಗದ ಹಾಗೆ ಕಪ್ಪು ಕಾಗದ ಸುತ್ತಿ ನೇತುಹಾಕಿದರು. ಹನಿಹನಿಯಾಗಿ ಐದು ಗಂಟೆ. ಮೊದಲ ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಅಪ್ಪನ ದವಡೆ ಮೆಲ್ಲಗೆ ಕಟಕಟ ಅನ್ನಲು ಶುರುವಾಯಿತು. ಎರಡು ಕಂಬಳಿ ಹೊದಿಸಿದೆ, ಕಾಲ ಮೇಲೆ ಕೂತೆ, ಆದರೂ ನಿಲ್ಲಲಿಲ್ಲ. ಮಳೆಗಾಲದಲ್ಲಿ ನೆನೆದ ಮೇಕೆಮರಿ ನಡುಗುತ್ತದಲ್ಲ, ಹಾಗೆ. ಸಿಸ್ಟರ್ ಬಂದು ಇನ್ನೊಂದು ಇಂಜೆಕ್ಷನ್ ಕೊಟ್ಟ ಮೇಲೆ ಇಳಿಯಿತು. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ. ನಾಲ್ಕನೇ ದಿನ ಕಪ್ಪು ಕಾಗದದ ಬಾಟಲಿ ಕಂಡ ತಕ್ಷಣ ಅಪ್ಪ ಗೋಡೆ ಕಡೆ ಮುಖ ತಿರುಗಿಸಿದ.

ಆರನೇ ದಿನದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಅಂಶ, 2.3. ಸೇರಿದ ದಿನ 0.9 ಇತ್ತು. ಪೊಟ್ಯಾಸಿಯಂ 2.7ಕ್ಕೆ ಇಳಿದಿತ್ತು. ಅದಕ್ಕೊಂದು ಸಿರಪ್ ಕೊಟ್ಟರು, ಅಂಥ ಕೆಟ್ಟ ರುಚಿ ಲೋಕದಲ್ಲಿ ಇನ್ನೊಂದಿಲ್ಲ ಅಂತ ಅಪ್ಪ ಈಗಲೂ ಹೇಳುತ್ತಾನೆ. ಫಂಗಸ್ ಸಾಯುವ ಮುಂಚೆ ಕಿಡ್ನಿ ಸಾಯುತ್ತದೆ ಅನ್ನುವ ಹಂತ.

ಅವತ್ತು ರಾತ್ರಿ ರೌಂಡ್ಸಿಗೆ ಬಂದ ಪಿಜಿ ಮೇಡಂ, ಅಂದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿದ್ದ ಡಾಕ್ಟರ್ ಹತ್ತಿರ, ಎರಡೂ ಒಂದೇ ಔಷಧಿ ಅಂದಮೇಲೆ ಹೊಸದು ಬಂದರೆ ಮಾತ್ರ ಕಿಡ್ನಿ ಹೇಗೆ ಉಳಿಯುತ್ತೆ ಅಂತ ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ಜೇಬಿನಲ್ಲಿದ್ದ ಮಂಡಿ ಚೀಟಿಯನ್ನು ನನ್ನಿಂದ ಇಸಿದುಕೊಂಡು, ಹಿಂಬದಿಯಲ್ಲಿ ಎರಡು ಬಗೆಯ ಗೋಡೆ ಬರೆದರು. ಫಂಗಸ್ಸಿನ ಜೀವಕೋಶದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಅನ್ನುವ ಜಿಡ್ಡಿದೆ, ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟೆರಾಲ್ ಇದೆ. ಆಂಫೊಟೆರಿಸಿನ್ನಿಗೆ ಎರ್ಗೊಸ್ಟೆರಾಲ್ ಕಂಡರೆ ಪ್ರಾಣ. ಅದನ್ನು ಹಿಡಿದುಕೊಂಡು ಪೊರೆಯನ್ನು ತೂತು ಬೀಳಿಸುತ್ತದೆ, ಒಳಗಿನದೆಲ್ಲ ಸೋರಿ ಫಂಗಸ್ ಸಾಯುತ್ತದೆ. ಆದರೆ ಕೊಲೆಸ್ಟೆರಾಲ್ ಕೂಡ ಅದರದೇ ದಾಯಾದಿ. ಬಿಡಿಬಿಡಿಯಾಗಿ ರಕ್ತದಲ್ಲಿ ಓಡಾಡುವ ಔಷಧಿ ಕಿಡ್ನಿಯ ಕೊಳವೆಗಳಿಗೂ ಅಷ್ಟಿಷ್ಟು ಅಂಟಿಕೊಂಡು ಅಲ್ಲೂ ತೂತು ಮಾಡುತ್ತದೆ. ಪೊಟ್ಯಾಸಿಯಂ ಸೋರಿದ್ದು ಆ ದಾರಿಯಲ್ಲೇ.

"ಈ ಔಷಧಿ ನೀರಲ್ಲಿ ಕರಗಲ್ಲ. ಹಳೇದರಲ್ಲಿ ಪಿತ್ತರಸದ ಉಪ್ಪಿನ ಜೊತೆ ಸೇರಿಸಿ, ಸೋಪು ಜಿಡ್ಡನ್ನ ನೀರಿಗೆ ಸೇರಿಸುತ್ತಲ್ಲ, ಹಾಗೆ ಕರಗಿಸಿರ್ತಾರೆ. ರಕ್ತಕ್ಕೆ ಹೋದ ಮೇಲೆ ಬೇಗ ಬಿಟ್ಟುಕೊಳ್ಳುತ್ತೆ. ಹೊಸದರಲ್ಲಿ ಇಂಥ ಗುಳ್ಳೆ ಮಾಡಿರ್ತಾರೆ" ಅಂತ ಎರಡು ಸುತ್ತಿನ ಒಂದು ಉಂಗುರ ಬರೆದರು. ಗುಳ್ಳೆಯ ಗೋಡೆ ಮಾಡುವುದು ಸೋಯಾದಿಂದ ಬಂದ ಫಾಸ್ಫೋಲಿಪಿಡ್ ಅನ್ನುವ ಜಿಡ್ಡು, ಜೊತೆಗೆ ಕೊಲೆಸ್ಟೆರಾಲ್. ಫಾಸ್ಫೋಲಿಪಿಡ್ಡಿನ ತಲೆಗೆ ನೀರು ಇಷ್ಟ, ಬಾಲಕ್ಕೆ ಆಗದು. ನೀರಿಗೆ ಹಾಕಿದರೆ ಬಾಲಗಳೆಲ್ಲ ಒಳಕ್ಕೆ ಸೇರಿಕೊಂಡು, ತಲೆಗಳು ಆಚೆಗೂ ಈಚೆಗೂ ನಿಂತು, ತಾವಾಗಿಯೇ ಎರಡು ಪದರದ ಗೋಡೆಯಾಗುತ್ತವೆ. ಔಷಧಿ ಕೂರುವುದು ಗುಳ್ಳೆಯ ಹೊಟ್ಟೆಯಲ್ಲಲ್ಲ, ಆ ಗೋಡೆಯ ಜಿಡ್ಡಿನಲ್ಲೇ. ಇದಕ್ಕೇ ಲೈಪೋಸೋಮ್ ಅನ್ನುವುದು. ಗುಳ್ಳೆಯಲ್ಲಿ ಕೂತ ಔಷಧಿ ಸುಲಭಕ್ಕೆ ಕೆಳಗಿಳಿಯುವುದಿಲ್ಲ. ಕಿಡ್ನಿಯ ಜರಡಿಯಲ್ಲೂ ಗುಳ್ಳೆ ನುಸುಳುವುದಿಲ್ಲ. ಫಂಗಸ್ಸಿಗೆ ತಾಗಿದಾಗ ಗುಳ್ಳೆ ಅಲ್ಲಿ ಅಂಟಿಕೊಂಡು ಒಡೆದು, ಔಷಧಿ ತನಗೆ ಹೆಚ್ಚು ಪ್ರೀತಿಯ ಎರ್ಗೊಸ್ಟೆರಾಲ್ ಕಡೆಗೆ ದಾಟಿಕೊಳ್ಳುತ್ತದೆ.

ನಾನು ಇನ್ನೂ ಚೀಟಿ ನೋಡುತ್ತಿದ್ದೆ. ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡಿದ್ದ ಅಪ್ಪ ಕಣ್ಣು ಮುಚ್ಚಿಕೊಂಡೇ, ಮೂಗಿನಲ್ಲಿ ಮಾತಾಡುತ್ತಾ, "ಅಂದ್ರೆ ಮಂಕ್ರೀಲಿ ಸುರಿದು ಕಳ್ಸಿದ್ದು ಒಂದು, ಬಾಕ್ಸಿಗೆ ತುಂಬಿ ಕಳ್ಸಿದ್ದು ಒಂದು. ಹಣ್ಣು ಒಂದೇಯ" ಅಂದ. ಮೇಡಂ ನಕ್ಕು, "ಅಷ್ಟೇ ಯಜಮಾನ್ರೇ" ಅಂದರು. ಮೂವತ್ತು ವರ್ಷ ಟೊಮೆಟೊ ತುಂಬಿದವನಿಗೆ ಆ ಉಂಗುರದ ಚಿತ್ರವೇ ಬೇಕಾಗಿರಲಿಲ್ಲ. ಮಂಕ್ರಿಯಲ್ಲಿ ಸುರಿದ ಹಣ್ಣು ದಾರಿಯುದ್ದಕ್ಕೂ ಸೋರಿ, ಲಾರಿಯ ಹಲಗೆಯನ್ನೂ ಕೆಡಿಸಿ, ಊರು ಮುಟ್ಟುವ ಹೊತ್ತಿಗೆ ಅರ್ಧವಾಗಿರುತ್ತದೆ ಅಂತ ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು.

ಬಾಕ್ಸೇನೋ ಅರ್ಥವಾಯಿತು, ಬಾಕ್ಸು ಬೇಕಲ್ಲ. ಔಷಧಿ ಅಂಗಡಿಯಲ್ಲಿ ಮಾರುವ ಹಾಗಿರಲಿಲ್ಲ. ಆಸ್ಪತ್ರೆಯವರು ರೋಗಿಯ ಹೆಸರು, ತೂಕ, ರಿಪೋರ್ಟು ಸಮೇತ ಬೇಡಿಕೆ ಕಳಿಸಬೇಕು, ಸರ್ಕಾರ ಹಂಚಿದಷ್ಟು ಬರಬೇಕು. ಈ ಮಧ್ಯೆ ಯಾರೋ ಒಬ್ಬ ಫೋನ್ ಮಾಡಿ ವಯಲ್ಲಿಗೆ ಬರೆದ ಬೆಲೆಯ ನಾಲ್ಕು ಪಟ್ಟು ಕೇಳಿದ. ಮೊದಲು ಅರ್ಧ ದುಡ್ಡು ಹಾಕಿ ಅಂದ. ನನ್ನ ನಂಬರು ಅವನಿಗೆ ಹೇಗೆ ಸಿಕ್ಕಿತೋ! ತೋಟದಲ್ಲಿ ಹಣ್ಣು ಕೀಳಿಸಿದ ಕೂಲಿಯೂ ಹುಟ್ಟದ ದಿನಗಳವು. ಆದರೂ ಚಿಕ್ಕಪ್ಪನ ಹತ್ತಿರ ಸಾಲ ಕೇಳಿ, ದುಡ್ಡು ಹಾಕುವವನಿದ್ದೆ. ಫಾರ್ಮಸಿಯವರೇ ತಡೆದರು. ಅದು ನಿಜವೇ ಆಗಿದ್ದರೂ ಎಲ್ಲಿ, ಎಷ್ಟು ಬಿಸಿಲಲ್ಲಿ ಇಟ್ಟಿದ್ದನೋ ಯಾರಿಗೆ ಗೊತ್ತು, ಗುಳ್ಳೆ ಕೆಟ್ಟರೆ ಮತ್ತೆ ಹಳೇ ಔಷಧಿಯಷ್ಟೇ ವಿಷ ಅಂದರು. ಫೋನು ಕಟ್ ಮಾಡಿದೆ.

ಎಂಟನೇ ದಿನ ಆಸ್ಪತ್ರೆಗೆ ಒಂದಿಷ್ಟು ಮಂಜೂರಾಯಿತು, ಬೆಂಗಳೂರಿಗೆ ಹೋಗಿ ತರಬೇಕು. ಅವರ ಗಾಡಿ ಬೇರೆ ಕಡೆ ಹೋಗಿತ್ತು. ನಮ್ಮ ಮಂಡಿಯ ಪಿಕಪ್ಪಿಗೆ ತರಕಾರಿ ಸಾಗಣೆಯ ಪಾಸ್ ಇತ್ತು. ಆಸ್ಪತ್ರೆಯ ಪತ್ರ, ಸಿಬ್ಬಂದಿ ಒಬ್ಬರು, ನಾನು, ಡ್ರೈವರ್. ಹೊಸಕೋಟೆ ಹತ್ತಿರ ಎರಡು ಕಡೆ ನಿಲ್ಲಿಸಿ ಕೇಳಿದರು. ವಾಪಸ್ ಬರುವಾಗ ತೊಡೆಯ ಮೇಲೆ ಥರ್ಮೋಕೋಲ್ ಡಬ್ಬ. ಒಳಗೆ ಜೆಲ್ ಪ್ಯಾಕು, ಅದಕ್ಕೂ ವಯಲ್ಲಿಗೂ ಮಧ್ಯೆ ದಪ್ಪ ರಟ್ಟು. ಬಿಸಿಯೂ ಆಗಬಾರದು, ಹೆಪ್ಪೂ ಗಟ್ಟಬಾರದು ಅಂದಿದ್ದರು. ಕಲ್ಕತ್ತಾ ಲೋಡಿಗೆ ಅರೆಗಾಯಿ ಆರಿಸಿ ತುಂಬುವಾಗಲೂ ನಾನು ಅಷ್ಟು ಜೋಪಾನ ಮಾಡಿದವನಲ್ಲ. ನರಸಾಪುರ ದಾಟುವವರೆಗೆ ಡ್ರೈವರ್ ರೇಡಿಯೊ ಕೂಡ ಹಾಕಲಿಲ್ಲ, ಸದ್ದಿಗೆ ಒಡೆಯುತ್ತೆ ಅಂದುಕೊಂಡಿದ್ದನೇನೋ.

ಅಪ್ಪನ ತೂಕ 58 ಕೆಜಿ. ಕೆಜಿಗೆ 5 ಮಿಲಿಗ್ರಾಂ ಲೆಕ್ಕದಲ್ಲಿ 290, ಅಂದರೆ ದಿನಕ್ಕೆ ಆರು ವಯಲ್, 300 ಮಿಲಿಗ್ರಾಂ. ನನಗೆ ಎದೆ ಧಸಕ್ ಅಂತು. 50 ಮಿಲಿಗ್ರಾಂ ಏರಿಸಿದ್ದಕ್ಕೇ ಕಿಡ್ನಿ ಹೋಗುತ್ತಿತ್ತು, ಈಗ ಅದರ ಆರು ಪಟ್ಟು! ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಬೆರೆಸುವುದನ್ನು ನಾನು ಬಾಗಿಲ ಹತ್ತಿರ ನಿಂತು ದಿನಾ ನೋಡಿದ್ದೇನೆ. ವಯಲ್ಲಿನೊಳಗೆ ಹಳದಿ ಪುಡಿ, ಬಿಲ್ಲೆಯ ಹಾಗೆ ತಳಕ್ಕೆ ಅಂಟಿರುತ್ತದೆ. ಅದಕ್ಕೆ 12 ಎಂಎಲ್ ಶುದ್ಧ ನೀರು ಬಿಟ್ಟು ಜೋರಾಗಿ ಕುಲುಕಬೇಕು, ಕನಿಷ್ಠ ಮೂವತ್ತು ಸೆಕೆಂಡು. ಕೇರಳದ ಸಿಸ್ಟರ್ ಒಬ್ಬರು ಮಲಯಾಳದಲ್ಲಿ ಎಣಿಸುತ್ತಾ, ಬಳೆ ಇಲ್ಲದ ಕೈಯನ್ನು ಮಜ್ಜಿಗೆ ಕಡೆದ ಹಾಗೆ ಆಡಿಸುತ್ತಿದ್ದರು. ಆರು ವಯಲ್, ಆರು ಸಲ ಮೂವತ್ತರ ಎಣಿಕೆ. ಪುಡಿ ಕರಗಿದಂತೆ ಕಾಣುತ್ತದೆ, ಆದರೆ ಅದು ಕರಗುವುದಲ್ಲ, ಗುಳ್ಳೆಗಳು ನೀರು ಕುಡಿದು ಬಿಡಿಬಿಡಿಯಾಗಿ ತೇಲುವುದು. ಹಳೇದು ತಿಳಿಯಾಗಿತ್ತು. ಇದು ಬೆಳಕಿಗೆ ಹಿಡಿದರೆ ಅರಿಶಿನದ ನೀರಿಗೆ ಒಂದು ಹನಿ ಹಾಲು ಬಿಟ್ಟ ಹಾಗೆ, ಸ್ವಲ್ಪ ಮಸುಕು. ಸಿರಿಂಜಿನ ಮೂತಿಗೆ 5 ಮೈಕ್ರಾನಿನ ಸಣ್ಣ ಫಿಲ್ಟರ್ ಸಿಕ್ಕಿಸಿ ಬಾಟಲಿಗೆ ಬಿಡುತ್ತಾರೆ. 5 ಮೈಕ್ರಾನ್ ಅಂದರೆ 5,000 ನ್ಯಾನೋಮೀಟರ್. ನಮ್ಮ 80ರ ಗುಳ್ಳೆ ಅದರಲ್ಲಿ ತೇರು ಹೋಗುವ ಬೀದಿಯಲ್ಲಿ ಇರುವೆ ಹೋದಂತೆ ಹೋಗುತ್ತದೆ. ತಡೆಯುವುದು ಗಂಟು ಉಳಿದದ್ದನ್ನು ಮಾತ್ರ.

ಮೊದಲ ಸಲ ಹಾಕಿದಾಗ ನಾನು ಕಂಬಳಿ ಎರಡನ್ನೂ ತೊಡೆ ಮೇಲೆ ಇಟ್ಟುಕೊಂಡು ಗಡಿಯಾರ ನೋಡುತ್ತಾ ಕೂತಿದ್ದೆ. ಅರ್ಧ ಗಂಟೆ, ಒಂದು ಗಂಟೆ. ಅಪ್ಪ ಒಂದು ಸಲ ಬೆನ್ನು ನೋವು ಅಂದ, ಹನಿ ನಿಧಾನ ಮಾಡಿದರು. ಒಂದೂವರೆ ಗಂಟೆಗೆ ಗೊರಕೆ ಶುರು. ಎರಡೂವರೆ ಗಂಟೆಗೆ ಬಾಟಲಿ ಖಾಲಿ. ಕಂಬಳಿ ಮಡಿಸಿಟ್ಟು ಹೊರಗೆ ಹೋಗಿ ಎರಡು ಟೀ ಕುಡಿದೆ.

ಎಲ್ಲ ಹೀಗೇ ನೆಟ್ಟಗೆ ನಡೆಯಿತು ಅಂತ ಹೇಳಲಾರೆ. ಒಂದು ರಾತ್ರಿ, ಕೆಲಸಕ್ಕೆ ಹೊಸದಾಗಿ ಬಂದ ಹುಡುಗನೊಬ್ಬ ಸಲೈನ್ ಹೋಗುತ್ತಿದ್ದ ಪೈಪಿಗೇ ನೇರ ಈ ಬಾಟಲಿ ಸಿಕ್ಕಿಸಿಬಿಟ್ಟ. ಮಧ್ಯೆ ಡೆಕ್ಸ್‌ಟ್ರೋಸ್ ಬಿಟ್ಟು ಪೈಪು ತೊಳೆಯಬೇಕಿತ್ತು. ಗುಳ್ಳೆಗಳಿಗೆ ಉಪ್ಪು ನೀರು ಆಗುವುದಿಲ್ಲ. ನಾನು ನೋಡುತ್ತಿದ್ದ ಹಾಗೇ, ಹನಿ ಬೀಳುವ ಬುರುಡೆಯಲ್ಲಿ ಹಳದಿ ಮಸುಕು ಹೆಚ್ಚಾಗಿ, ಒಡೆದ ಹಾಲಿನ ಥರ ಸಣ್ಣ ಸಣ್ಣ ಚೂರು ಕಾಣಿಸಿತು. ಕೂಗಿದೆ. ಸಿಸ್ಟರ್ ಓಡಿಬಂದು ಚಿವುಟಿ ನಿಲ್ಲಿಸಿ ಪೈಪನ್ನೇ ಬದಲಿಸಿದರು. ಪೈಪಿನಲ್ಲಿದ್ದಷ್ಟು ಔಷಧಿ ಕಸದ ಬುಟ್ಟಿಗೆ ಹೋಯಿತು. ಆ ಹುಡುಗ ಎರಡು ದಿನ ನನ್ನ ಮುಖ ನೋಡಲಿಲ್ಲ. ನನಗೂ ಸಿಟ್ಟು ಇಳಿಯಲು ಎರಡು ದಿನ ಬೇಕಾಯಿತು. ಮೂವತ್ತು ಹಾಸಿಗೆಗೆ ರಾತ್ರಿಯಿಡೀ ಅವನೊಬ್ಬನೇ ಓಡಾಡುತ್ತಿದ್ದದ್ದು ಕಂಡಮೇಲೆ ಇಳಿಯಿತು.

ಔಷಧಿ ಚೆನ್ನಾಗಿ ಹೋಗುತ್ತಿದ್ದರೂ ಹತ್ತು ದಿನಕ್ಕೆ ಮತ್ತೆ ಆಪರೇಷನ್ ಅಂದಾಗ ನಾನು ತಿರುಗಿ ಬಿದ್ದೆ. ಇಷ್ಟು ದುಬಾರಿ ಬಾಕ್ಸಿನಲ್ಲಿ ಕಳಿಸಿದಮೇಲೆ ಮತ್ತೆ ಕೆರೆಯುವುದೇನು? ಆಗ ಮೊದಲು ಹೇಳಿದ್ದ ಕಪ್ಪಿನ ವಿಷಯ ಬಂತು. ಸತ್ತ ಮಾಂಸಕ್ಕೆ ರಕ್ತನಾಳವೇ ಮುಚ್ಚಿಹೋಗಿರುತ್ತದೆ. ಗುಳ್ಳೆ ಎಷ್ಟೇ ಸಣ್ಣದಿದ್ದರೂ ಹೋಗುವುದು ರಕ್ತದಲ್ಲೇ. "ರಸ್ತೆ ಕೊಚ್ಚಿಹೋದ ಊರಿಗೆ ಲಾರಿ ಎಂಥದಾದರೇನು?" ಅಂತ ಸರ್ಜನ್ ಕೇಳಿದರು. ಈ ಆಸ್ಪತ್ರೆಯಲ್ಲಿ ಎಲ್ಲರಿಗೂ ನಾನು ಮಂಡಿಯವನು ಅಂತ ಗೊತ್ತಾಗಿಬಿಟ್ಟಿತ್ತು. ಸತ್ತದ್ದನ್ನು ಕೆರೆದು ತೆಗೆದು, ಸಕ್ಕರೆಯನ್ನು ಇನ್ಸುಲಿನ್ ಕೊಟ್ಟು ಹದ್ದಿನಲ್ಲಿಟ್ಟು, ಆಮೇಲೆ ಔಷಧಿ. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ನಿಲ್ಲುವುದಿಲ್ಲ.

ನ್ಯಾನೋ ಅನ್ನುವ ಪದ ನನ್ನ ಕಿವಿಗೆ ಬಿದ್ದದ್ದು ಆ ದಿನಗಳಲ್ಲೇ, ಅದೂ ಎರಡು ಕಡೆಯಿಂದ. ಮೇಡಂ ಈ ಗುಳ್ಳೆಗೆ ನ್ಯಾನೋ ಅಂದ ಅದೇ ವಾರದಲ್ಲಿ, ಮೇ 31ಕ್ಕೆ, ಗೊಬ್ಬರದ ಸಹಕಾರ ಸಂಸ್ಥೆ ಇಫ್ಕೋದವರು ನ್ಯಾನೋ ಯೂರಿಯಾ ಬಿಡುಗಡೆ ಮಾಡಿದರು. ಮಂಡಿಯ ವಾಟ್ಸಾಪಿನಲ್ಲೆಲ್ಲ ಅರ್ಧ ಲೀಟರ್ ಬಾಟಲಿಯ ಫೋಟೋ. ಅಲ್ಲಿಯವರೆಗೆ ನಮಗೆ ನ್ಯಾನೋ ಅಂದರೆ ಟಾಟಾ ಕಾರು. ತಲೆಗೂದಲಿನ ಅಡ್ಡಳತೆಯಲ್ಲಿ ಈ ಗುಳ್ಳೆ ಸುಮಾರು ಸಾವಿರ ಸಾಲಾಗಿ ಕೂರುತ್ತವೆ ಅಂತ ಲೆಕ್ಕ ಹಾಕಿದ ಮೇಲೆ, ನಾನು ಮಲಗುವ ಮುಂಚೆ ಓದುವುದು ಅಭ್ಯಾಸವಾಯಿತು.

ಓದಿದಾಗ ತಿಳಿದದ್ದು: ಈ ಗುಳ್ಳೆಯನ್ನು ಔಷಧಿಗೆಂದು ಯಾರೂ ಹುಡುಕಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರ ಅಲೆಕ್ ಬ್ಯಾಂಗಮ್ ಎಂಬುವರು 1960ರ ದಶಕದ ಮೊದಲಲ್ಲಿ ಲೆಸಿಥಿನ್ ಅನ್ನುವ ಫಾಸ್ಫೋಲಿಪಿಡ್ಡನ್ನು ನೀರಿಗೆ ಹಾಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಕಂಡದ್ದು. ಆಂಫೊಟೆರಿಸಿನ್ ಬಂದದ್ದು ವೆನೆಜುವೆಲಾದ ಒರಿನೋಕೊ ನದಿ ಸೀಮೆಯ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ, 1950ರ ದಶಕದಲ್ಲಿ. ಎರಡೂ ಒಂದಾಗಿ ಅಮೆರಿಕದಲ್ಲಿ ಅನುಮತಿ ಸಿಗಲು 1997 ಆಯಿತು. ಅದಕ್ಕೆ ಎರಡು ವರ್ಷ ಮುಂಚೆ, 1995ರಲ್ಲಿ, ಡಾಕ್ಸೊರುಬಿಸಿನ್ ಅನ್ನುವ ಕೆಂಪು ಕ್ಯಾನ್ಸರ್ ಔಷಧಿಯನ್ನು ಇಂಥದೇ ಗುಳ್ಳೆಯಲ್ಲಿಟ್ಟು ಬಿಟ್ಟಿದ್ದರು. ಅಲ್ಲಿ ಔಷಧಿ ಗೋಡೆಯಲ್ಲಲ್ಲ, ಗುಳ್ಳೆಯ ಹೊಟ್ಟೆಯೊಳಗೆ. ಅದರಿಂದ ಹೃದಯಕ್ಕೆ ಬೀಳುವ ಪೆಟ್ಟು ಕಡಿಮೆಯಾಯಿತು, ಆದರೆ ಗುಳ್ಳೆಗಳು ದಿನಗಟ್ಟಲೆ ರಕ್ತದಲ್ಲಿ ಸುತ್ತಿ ಅಂಗೈ ಅಂಗಾಲಿನಲ್ಲಿ ಸೋರಿ, ಕೆಲವರಿಗೆ ಅಲ್ಲಿ ಚರ್ಮ ಸುಲಿಯುತ್ತದಂತೆ. ಒಂದು ಕಡೆ ಉಳಿಸಿದರೆ ಇನ್ನೊಂದು ಕಡೆ ಕೇಳುತ್ತದೆ.

ಪೇಪರುಗಳಲ್ಲಿ ನ್ಯಾನೋ ಔಷಧಿಯೆಂದರೆ ವಿಳಾಸ ನೋಡಿಕೊಂಡು ಹೋಗುವ ಬಾಣ ಅಂತ ಬರೆಯುತ್ತಾರೆ. ನಾನು ಕಂಡದ್ದು ಅಷ್ಟು ಜಾಣ ಬಾಣವಲ್ಲ. ಲೈಪೋಸೋಮಿನ ದೊಡ್ಡ ಪಾಲು ಲಿವರ್, ಸ್ಪ್ಲೀನ್‌ಗೆ ಹೋಗಿ ಕೂರುತ್ತದೆ, ಅಲ್ಲಿನ ಕಾವಲು ಕೋಶಗಳು ಅದನ್ನು ನುಂಗುತ್ತವೆ. ಅಪ್ಪನ ಮೂಗಿಗೆ ಬೇಕಾದಷ್ಟು ಸಿಗಲೆಂದೇ ಅಷ್ಟೊಂದು ವಯಲ್. ಬಿಹಾರದಲ್ಲಿ ಮರಳು ನೊಣದಿಂದ ಹರಡುವ ಕಾಲಾ ಅಜಾರ್ ಜ್ವರದ ರೋಗಿಗಳ ಅದೃಷ್ಟವೇ ಬೇರೆ. ಆ ರೋಗಾಣು ಅಡಗಿ ಕೂರುವುದೇ ಅವೇ ಕಾವಲು ಕೋಶಗಳಲ್ಲಿ. ಹಾಗಾಗಿ ಇದೇ ಔಷಧಿ ಕೆಜಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ಸಲ ಕೊಟ್ಟರೆ ಅವರಿಗೆ ಸಾಕಾಗುತ್ತದೆ. ನಮಗೆ ಮೂರು ವಾರ ಹಿಡಿಯಿತು.

ಆ ಮೂರು ವಾರದಲ್ಲಿ ಕ್ರಿಯಾಟಿನಿನ್ ಏರಲಿಲ್ಲ. ಮೆಲ್ಲಗೆ ಇಳಿದು 1.3ಕ್ಕೆ ಬಂತು. ಪೊಟ್ಯಾಸಿಯಂ ಸಿರಪ್ ಮಾತ್ರ ಕೊನೆಯವರೆಗೂ ತಪ್ಪಲಿಲ್ಲ. ಗುಳ್ಳೆಯಲ್ಲಿಟ್ಟರೂ ಅಷ್ಟಿಷ್ಟು ಸೋರುತ್ತದೆ. ಜೂನ್ 12ಕ್ಕೆ ಜಿಎಸ್‌ಟಿ ಮಂಡಳಿ ಈ ಔಷಧಿಯ ಮೇಲಿದ್ದ ಶೇ. 5ರ ತೆರಿಗೆ ತೆಗೆಯಿತು, ನಮ್ಮ ಬಿಲ್ಲುಗಳೆಲ್ಲ ಅಷ್ಟರಲ್ಲಿ ಮುಗಿಯುತ್ತಾ ಬಂದಿದ್ದವು. ಆಮೇಲೆ ಫಂಗಸ್ಸಿಗೇ ಕೊಡುವ ಪೋಸಕೊನಜೋಲ್ ಮಾತ್ರೆ, ನಾಲ್ಕು ತಿಂಗಳು. ಅಂಗುಳಿಗೆ ಒಂದು ಪ್ಲೇಟು ಮಾಡಿಸಿದೆವು. ಅದು ಹಾಕಿಕೊಳ್ಳದೆ ಸಾರು ಕುಡಿದರೆ ಮೂಗಿನಿಂದ ಬರುತ್ತದೆ, ಹಾಕಿಕೊಂಡರೆ ಅಪ್ಪನ ಬೈಗುಳ ಎರಡು ಹೊಲದಾಚೆಗೂ ಸ್ಪಷ್ಟವಾಗಿ ಕೇಳಿಸುತ್ತದೆ.

ಡಿಸ್ಚಾರ್ಜ್ ಆದ ದಿನದ್ದು ಒಂದು ಹೇಳಬೇಕು. ಬೆಳಿಗ್ಗೆಯೇ ಇಂಜೆಕ್ಷನ್ ಸಾಕು, ಮಾತ್ರೆಗೆ ಬದಲಾಯಿಸೋಣ ಅಂದರು. ಅಪ್ಪನ ಹೆಸರಿನಲ್ಲಿ ಫ್ರಿಜ್ಜಿನಲ್ಲಿ ಇನ್ನೂ ಎರಡು ವಯಲ್ ಉಳಿದಿದ್ದವು. ಒಂಬತ್ತನೇ ಹಾಸಿಗೆಯಲ್ಲಿ ಬಂಗಾರಪೇಟೆ ಕಡೆಯ ಒಬ್ಬರು ಇದ್ದರು, ನಾಲ್ಕು ದಿನದಿಂದ ಕಪ್ಪು ಕಾಗದದ ಬಾಟಲಿ ಅವರಿಗೆ. ರಾತ್ರಿ ಅವರ ಮಂಚದ ಸದ್ದು ನಮಗೆ ಕೇಳಿಸುತ್ತಿತ್ತು. ಅಪ್ಪ ಬಟ್ಟೆ ಹಾಕಿಕೊಳ್ಳುತ್ತಾ, "ಆ ಎರಡು ಬಾಕ್ಸ್ ಅವನಿಗೆ ಹಾಕ್ಸು" ಅಂದ. ಹಾಗೆ ಸುಮ್ಮನೆ ಹಾಕುವಂತಿಲ್ಲ, ಹೆಸರಿನ ಮೇಲೆ ಬಂದ ಔಷಧಿ, ಪತ್ರ ಬೇಕು ಅಂದರು ಫಾರ್ಮಸಿಯಲ್ಲಿ. ಮಂಡಿ ಚೀಟಿಯ ಹಾಳೆಯಲ್ಲೇ ಬರೆದೆ, ಅಪ್ಪ ಸಹಿ ಹಾಕಿದ. ಅವತ್ತು ಆ ಮನುಷ್ಯನ ಹೆಸರಿಗೆ ಮೂರು ಬಂದಿದ್ದವು. ಎರಡು ಸೇರಿ ಐದಾಯಿತು, ಬೇಕಾಗಿದ್ದದ್ದು ಆರು. "ಐದೇ ಶುರು ಮಾಡ್ತೀನಿ" ಅಂತ ಸಿಸ್ಟರ್ ಮೊದಲನೇ ವಯಲ್ಲಿಗೆ ನೀರು ಬಿಟ್ಟು, ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದ ನಮ್ಮನ್ನು ನೋಡಿ ತಲೆಯಾಡಿಸಿ ಕುಲುಕಲು ಶುರು ಮಾಡಿದರು. ಒನ್ನು, ರಂಡು, ಮೂನ್ನು.